ಕರೆಯದೆ ಬಂದ ಮಾತನ್ನು ನಂಬಬೇಕೆ?

ಒಂದು ಮಾತು ನಮ್ಮ ಬಳಿಗೆ ಬಂದಾಗ, ಸುಳ್ಳೆಂದು ಗೊತ್ತಾಗುವವರೆಗೂ ಅದನ್ನು ನಿಜವೆಂದೇ ಇಟ್ಟುಕೊಳ್ಳಬೇಕೋ, ನಿಜವೆಂದು ಗೊತ್ತಾಗುವವರೆಗೂ ಅನುಮಾನದಲ್ಲೇ ಇಡಬೇಕೋ? ನಮ್ಮ ದರ್ಶನಕಾರರು ಸಾವಿರ ವರ್ಷಕ್ಕೂ ಮೇಲ್ಪಟ್ಟು ಇದರ ಮೇಲೆ ವಾದ ಮಾಡಿದ್ದಾರೆ. ಪ್ರಾಮಾಣ್ಯವಾದ ಎಂದು ಅದಕ್ಕೆ ಹೆಸರು. ಸರ್ಕಾರಿ ಕಾಲೇಜಿನಲ್ಲಿ ನಾನು ತತ್ತ್ವಶಾಸ್ತ್ರ ಪಾಠ ಮಾಡುತ್ತಿದ್ದ ಕಾಲದಲ್ಲಿ ಈ ಅಧ್ಯಾಯ ಶುರುವಾದರೆ ಸಾಕು, ಹುಡುಗರು ಕಿಟಕಿಯ ಕಡೆ ನೋಡುತ್ತಿದ್ದರು. ‘ಮೇಡಂ, ಇದು ಎಷ್ಟು ಮಾರ್ಕ್ಸಿಗೆ ಬರುತ್ತೆ?’ ಎಂಬುದೊಂದೇ ಅವರ ಸಂಶಯ. ಈಗ ಮೈಸೂರಿನ ನಮ್ಮ ಬಡಾವಣೆಯಲ್ಲಿ ಪೆನ್ಷನ್ ತೆಗೆದುಕೊಳ್ಳುವವರೆಲ್ಲ ಬೆಳಗ್ಗೆ ಕಾಫಿ ಕುಡಿಯುತ್ತ ಫೋನಿನಲ್ಲಿ ಮೇಲ್ ತೆರೆದು ಇದೇ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾರೆ. ಉತ್ತರ ತಪ್ಪಾದರೆ ಇಲ್ಲಿ ಹೋಗುವುದು ಬ್ಯಾಂಕಿನಲ್ಲಿರುವ ದುಡ್ಡು.

14ನೇ ಶತಮಾನದ ವಿಜಯನಗರದಲ್ಲಿ ಮಾಧವರು ಬರೆದ ‘ಸರ್ವದರ್ಶನಸಂಗ್ರಹ’ ಈ ವಾದದ ನಾಲ್ಕು ಪಕ್ಷಗಳನ್ನು ಒಂದೇ ಕಡೆ ಜೋಡಿಸಿಟ್ಟಿದೆ. ಒಂದು ತಿಳಿವಳಿಕೆ ಸರಿ ಎಂಬುದೂ ತಪ್ಪು ಎಂಬುದೂ ಅದರೊಳಗೇ ಇರುತ್ತದೆ ಎನ್ನುತ್ತಾರೆ ಸಾಂಖ್ಯರು. ಎರಡೂ ಹೊರಗಿನಿಂದಲೇ ತೀರ್ಮಾನವಾಗಬೇಕು ಎನ್ನುತ್ತಾರೆ ನೈಯಾಯಿಕರು. ತಪ್ಪೆಂಬುದು ಹುಟ್ಟಿನಿಂದಲೇ ಇದೆ, ಸರಿ ಎನ್ನಬೇಕಾದರೆ ಮಾತ್ರ ಹೊರಗಿನ ಆಧಾರ ಬೇಕು ಎಂಬುದು ಆ ಗ್ರಂಥ ಬೌದ್ಧರ ಬಾಯಲ್ಲಿ ಹೇಳಿಸುವ ಮತ. ಮೀಮಾಂಸಕರು ಇದನ್ನು ಪೂರ್ತಿ ತಿರುವಿಹಾಕುತ್ತಾರೆ: ತಿಳಿವಳಿಕೆ ಹುಟ್ಟುವಾಗಲೇ ಸರಿ, ಅದನ್ನು ಅಲ್ಲಗಳೆಯುವ ಬಾಧಕ ಎದುರಾದರೆ ಮಾತ್ರ ತಪ್ಪು.

ಬೇಡದ ಮೇಲ್‌ಗಳಿಂದ ಏನು ನಷ್ಟ ಎಂದು ಯಾರನ್ನು ಕೇಳಿದರೂ ಸಮಯ ಹಾಳು, ಇನ್‌ಬಾಕ್ಸ್ ತುಂಬಿಹೋಗುತ್ತದೆ, ಮೋಸ ಎನ್ನುತ್ತಾರೆ. ಅದೆಲ್ಲ ನಿಜ. ಆದರೆ ನನಗೆ ದೊಡ್ಡದಾಗಿ ಕಾಣುವ ನಷ್ಟ ಬೇರೆ. ಅಕ್ಷರ ಬಲ್ಲ ಜನ ಕಾಗದದ ವಿಷಯದಲ್ಲಿ ತಲೆಮಾರುಗಳಿಂದ ನಾಲ್ಕನೆಯ ಪಕ್ಷದಲ್ಲಿದ್ದವರು. ಅವರನ್ನು ಯಾವ ವಾದವೂ ಇಲ್ಲದೆ, ಯಾರ ಒಪ್ಪಿಗೆಯೂ ಇಲ್ಲದೆ ಮೂರನೆಯ ಪಕ್ಷಕ್ಕೆ ಸಾಗಹಾಕಲಾಗಿದೆ. ಬಂದ ಮಾತು ಸುಳ್ಳು ಎಂದುಕೊಂಡೇ ನಾವೀಗ ಓದಲು ಕೂರುತ್ತೇವೆ. ಇದು ಸರಿಯೇ, ಸರಿಯಲ್ಲದಿದ್ದರೆ ಏನು ಮಾಡಬಹುದು ಎಂಬುದು ನನ್ನ ಪ್ರಶ್ನೆ.

ಇಮೇಲ್ ಹುಟ್ಟಿದ್ದು ಮೀಮಾಂಸಕರ ಮನೆಯಲ್ಲಿ ಎನ್ನಬಹುದು. 1971ರಲ್ಲಿ ರೇ ಟಾಮ್ಲಿನ್ಸನ್ ಒಂದು ಯಂತ್ರದಿಂದ ಪಕ್ಕದ ಇನ್ನೊಂದಕ್ಕೆ ಸಂದೇಶ ಕಳಿಸಿದಾಗ ಆ ಜಾಲದಲ್ಲಿದ್ದವರೆಲ್ಲ ಹೆಚ್ಚುಕಡಿಮೆ ಒಬ್ಬರಿಗೊಬ್ಬರು ಗೊತ್ತಿದ್ದ ಸಂಶೋಧಕರು. 1982ರಲ್ಲಿ ಜಾನ್ ಪೋಸ್ಟೆಲ್ ಮೇಲ್ ಸಾಗಿಸುವ ನಿಯಮಾವಳಿಯನ್ನು ಬರೆದಾಗಲೂ ಅದರಲ್ಲಿ ‘ನೀನು ಹೇಳಿಕೊಳ್ಳುವವನೇ ನೀನು ಎಂಬುದಕ್ಕೆ ಏನು ಸಾಕ್ಷಿ?’ ಎಂದು ಕೇಳುವ ಹಂತ ಇರಲಿಲ್ಲ. ಕಳಿಸುವವನು ತನ್ನ ಹೆಸರೆಂದು ಏನು ಬರೆದರೂ ಎದುರಿನ ಯಂತ್ರ ಒಪ್ಪಿಕೊಂಡು ಮುಂದಕ್ಕೆ ಸಾಗಿಸುತ್ತಿತ್ತು. ಇದನ್ನು ಇವತ್ತು ಹಲವರು ಮೂರ್ಖತನ ಎನ್ನುತ್ತಾರೆ. ಆದರೆ ಪರಸ್ಪರ ಮಾತಾಡಬೇಕೆಂದು ಕೂತವರು ಮೊದಲು ಗುರುತಿನ ಚೀಟಿ ಕೇಳುವುದಿಲ್ಲ. ಆ ನಿಯಮಾವಳಿಯಲ್ಲಿದ್ದದ್ದು ಅಷ್ಟೇ.

ಆ ನಂಬಿಕೆಯ ದುರುಪಯೋಗಕ್ಕೆ ನಿಯಮಾವಳಿ ಬರುವವರೆಗೂ ಕಾಯಬೇಕಾಗಲಿಲ್ಲ. 1978ರ ಮೇ 3ರಂದೇ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಗ್ಯಾರಿ ಥರ್ಕ್ ಎಂಬ ಮಾರಾಟದ ಅಧಿಕಾರಿ ತಮ್ಮ ಕಂಪನಿಯ ಹೊಸ ಕಂಪ್ಯೂಟರುಗಳ ಪ್ರದರ್ಶನಕ್ಕೆ ಬನ್ನಿ ಎಂದು ಅಮೆರಿಕದ ಪಶ್ಚಿಮ ತೀರದ ಸುಮಾರು 400 ಜನಕ್ಕೆ ಒಂದೇ ಸಲಕ್ಕೆ ಸಂದೇಶ ಕಳಿಸಿದರು. ಜನ ಸಿಟ್ಟಾದರು, ಮೇಲಿನಿಂದ ಎಚ್ಚರಿಕೆಯೂ ಬಂತು. ಆದರೆ ಯಂತ್ರಗಳು ಮಾತ್ರ ಮಾರಾಟವಾದವು.

ನಾವು ಮೈಸೂರಿನವರು ಇಮೇಲ್ ಕಂಡದ್ದು ಸೈಬರ್ ಕೆಫೆಗಳಲ್ಲಿ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜೊತೆ ಸೇರಿ 1996ರ ಜುಲೈ 4ರಂದು ಹಾಟ್‌ಮೇಲ್ ತೆರೆದ ಮೇಲೆ ವಿಳಾಸ ಎಂಬುದು ಯಾರಿಗೆ ಬೇಕಾದರೂ ಬಿಟ್ಟಿ ಸಿಗುವಂತಾಯಿತು. ಅಮೆರಿಕಕ್ಕೆ ಹೋದ ಮಗನ ಮೇಲ್ ಪ್ರಿಂಟ್ ಹಾಕಿಸಿಕೊಂಡು ಮನೆಗೆ ಒಯ್ಯುತ್ತಿದ್ದ ತಂದೆಯರನ್ನು ಸರಸ್ವತೀಪುರಂನ ಕೆಫೆಯಲ್ಲಿ ನೋಡಿದ್ದೇನೆ. ಮೇಲ್ ಬಂದಿದೆ ಎಂದರೆ ಯಾರೋ ನಮ್ಮನ್ನು ನೆನೆಸಿಕೊಂಡಿದ್ದಾರೆ ಎಂದು ಅರ್ಥ. ಹಾಗೆಂದು ಅಂದುಕೊಳ್ಳಲು ಆಗ ಯಾವ ಪ್ರಮಾಣವೂ ಬೇಕಿರಲಿಲ್ಲ.

ಕೆಲವೇ ವರ್ಷಗಳಲ್ಲಿ ಏನಾಯಿತೆಂಬುದಕ್ಕೆ ಅಮೆರಿಕದ ಪ್ಯೂ ಸಂಸ್ಥೆ 2003ರಲ್ಲಿ ಪ್ರಕಟಿಸಿದ ಸಮೀಕ್ಷೆ ಸಾಕ್ಷಿ. ಸ್ಪ್ಯಾಮಿನ ಕಾಟದಿಂದ ಇಮೇಲ್ ಬಳಸುವುದನ್ನೇ ಕಡಿಮೆ ಮಾಡಿದ್ದೇವೆ ಎಂದವರು ಬಳಕೆದಾರರಲ್ಲಿ ನಾಲ್ಕರಲ್ಲಿ ಒಂದು ಪಾಲು. ಅರ್ಧಕ್ಕಿಂತ ಹೆಚ್ಚು ಜನ ಇಮೇಲಿನ ಮೇಲಿನ ನಂಬಿಕೆಯೇ ಕುಗ್ಗಿದೆ ಎಂದರು. ತತ್ತ್ವಶಾಸ್ತ್ರದವಳಾದ ನನಗೆ ಮೊದಲ ಸಂಖ್ಯೆಗಿಂತ ಎರಡನೆಯದು ಮುಖ್ಯ. ಬಳಕೆ ಮತ್ತೆ ಹೆಚ್ಚಿತು, ಆಫೀಸಿಗೂ ಬ್ಯಾಂಕಿಗೂ ಇಮೇಲ್ ಇಲ್ಲದೆ ಆಗುವುದಿಲ್ಲ. ಹೋದ ನಂಬಿಕೆ ಅದರ ಜೊತೆ ತಿರುಗಿ ಬರಲಿಲ್ಲ. ನನ್ನ ಪರಿಚಯದ ಎಷ್ಟೋ ಜನ ಈಗ ಎರಡು ವಿಳಾಸ ಇಟ್ಟುಕೊಂಡಿದ್ದಾರೆ: ಅಂಗಡಿಯವರು ಕೇಳಿದರೆ ಕೊಡುವುದಕ್ಕೊಂದು, ಮನೆಯವರಿಗೊಂದು. ಮನೆಯವರು ಹೇಗಿದ್ದರೂ ವಾಟ್ಸಾಪಿನಲ್ಲೇ ಮಾತಾಡುವುದರಿಂದ ಆ ಎರಡನೆಯದೂ ಖಾಲಿ. ಇಮೇಲ್ ತೆರೆಯುವುದು ಒಟಿಪಿ ನೋಡಲಿಕ್ಕೆ ಮಾತ್ರ.

ಇಷ್ಟು ದೊಡ್ಡ ನಷ್ಟದಿಂದ ಇನ್ನೊಬ್ಬರಿಗೆ ಆಗುವ ಲಾಭ ಎಷ್ಟು? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಸ್ಪ್ಯಾಮ್ ಕಳಿಸುವ ಒಂದು ಜಾಲದೊಳಗೇ ನುಸುಳಿ ಲೆಕ್ಕ ಹಿಡಿದರು. 26 ದಿನಗಳಲ್ಲಿ ಹೆಚ್ಚುಕಡಿಮೆ 35 ಕೋಟಿ ಔಷಧದ ಜಾಹೀರಾತಿನ ಮೇಲ್‌ಗಳು ಹೋದವು. ಕೊಳ್ಳಲು ಮುಂದಾದವರು 28 ಮಂದಿ. ಕರ್ಮಸಿದ್ಧಾಂತ ಪಾಠ ಮಾಡುವಾಗ, ಮಾಡಿದವನೇ ಫಲ ಉಣ್ಣುತ್ತಾನೆ ಎಂದು ಹೇಳಿಕೊಡುತ್ತೇವೆ. ಇಲ್ಲಿ ಕಳಿಸುವವನಿಗೆ ಖರ್ಚೇ ಇಲ್ಲ. 28 ಜನರ ದುಡ್ಡು ಅವನಿಗೆ, ಉಳಿದ ಕೋಟಿಗಟ್ಟಲೆ ಜನಕ್ಕೆ ಅಳಿಸುವ ಕೆಲಸ ಮತ್ತು ಒಂದು ಚೂರು ಹೆಚ್ಚಿನ ಅನುಮಾನ. ಆ ಚೂರು ಅನುಮಾನವನ್ನು ಯಾವ ಪುಸ್ತಕದಲ್ಲೂ ಯಾರೂ ಜಮಾ ಮಾಡುವುದಿಲ್ಲ.

ಅದು ಹೇಗೆ ಕೂಡುತ್ತ ಹೋಗುತ್ತದೆ ಎಂಬುದನ್ನು ಪಕ್ಕದ ಬೀದಿಯ ನಿವೃತ್ತ ಹೆಡ್‌ಮಾಸ್ಟರರಲ್ಲಿ ಹತ್ತಿರದಿಂದ ನೋಡಿದೆ. ನವೆಂಬರ್ ತಿಂಗಳು ಪೆನ್ಷನ್‌ದಾರರು ಬದುಕಿದ್ದೇವೆ ಎಂದು ಸರ್ಟಿಫಿಕೇಟ್ ಕೊಡುವ ಕಾಲ. ಒಂದು ಸಂಜೆ ಮೇಷ್ಟ್ರು ಫೋನು ಹಿಡಿದುಕೊಂಡು ಬಂದರು. ‘ಮೇಡಂ, ಇದೊಂದು ಸ್ವಲ್ಪ ನೋಡಿ. ನಾನು ಬದುಕಿಲ್ಲವಂತೆ.’ ಮೇಲಿನ ತಲೆಯಲ್ಲಿ ‘ಪೆನ್ಷನ್ ಡಿಪಾರ್ಟ್‌ಮೆಂಟ್’ ಎಂದಿತ್ತು, ಪಕ್ಕದಲ್ಲಿ ನಾಲ್ಕು ಸಿಂಹದ ಲಾಂಛನ. ನಿಮ್ಮ ಜೀವಿತ ಪ್ರಮಾಣಪತ್ರ ಅಪ್‌ಡೇಟ್ ಆಗಿಲ್ಲ, 24 ಗಂಟೆಯೊಳಗೆ ಮಾಡದಿದ್ದರೆ ಪೆನ್ಷನ್ ನಿಲ್ಲುತ್ತದೆ, ಕೆಳಗಿನ ನೀಲಿ ಗುಂಡಿ ಒತ್ತಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಸಂಬೋಧನೆ ‘ಡಿಯರ್ ಕಸ್ಟಮರ್’. ಸರ್ಕಾರಕ್ಕೆ ಪೆನ್ಷನ್‌ದಾರ ಯಾವಾಗ ಗಿರಾಕಿಯಾದ ಎಂದು ಅಲ್ಲೇ ಅನುಮಾನ ಬರಬೇಕು. ಹೆಸರಿನ ಪಕ್ಕದ ಸಣ್ಣ ಬಾಣ ಒತ್ತಿದರೆ ನಿಜವಾದ ವಿಳಾಸ ಹೊರಬಿತ್ತು: ಅರ್ಥವಿಲ್ಲದ ಅಕ್ಷರ, ನಡುವೆ ಅಂಕೆ, ಕೊನೆಯಲ್ಲಿ ಕೇಳದ ಯಾವುದೋ ಹೆಸರು. ‘ಗವ್ ಡಾಟ್ ಇನ್’ ಎಂಬುದರ ಸುಳಿವೇ ಇಲ್ಲ.

ಇದು ಮೋಸ ಎಂದೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರಿ ಮೇಡಂ. ನಾಳೆ ನಿಜವಾದ ಕಾಗದವೇ ಬಂದರೆ ನನಗೆ ಗೊತ್ತಾಗೋದು ಹೇಗೆ?’ ಎಂದರು. ನಾನು ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ಯಾವ ವಿದ್ಯಾರ್ಥಿಯೂ ಇಷ್ಟು ನೇರವಾಗಿ ಈ ಪ್ರಶ್ನೆ ಕೇಳಿದ್ದಿಲ್ಲ.

ನೈಯಾಯಿಕರ ಉತ್ತರ ಸಿದ್ಧವಾಗಿದೆ: ಪ್ರವೃತ್ತಿ, ಅಂದರೆ ತಿಳಿದದ್ದನ್ನು ನಂಬಿ ಮಾಡಿದ ಕೆಲಸ, ಸಫಲವಾಯಿತೇ ನೋಡಿ. ದೂರದಲ್ಲಿ ನೀರು ಕಂಡಿತು, ಹೋಗಿ ಕುಡಿದೆ, ಬಾಯಾರಿಕೆ ಹೋಯಿತು, ಆದ್ದರಿಂದ ಕಂಡದ್ದು ನೀರೇ, ಬಿಸಿಲ್ಗುದುರೆಯಲ್ಲ. ಕಣ್ಣಿಗೆ ಕಂಡದ್ದಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಮೋಸದ ಮೇಲ್‌ಗೆ ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಪರೀಕ್ಷೆಯೇ ಬಲೆ. ಗುಂಡಿ ಒತ್ತಿ ನೋಡೋಣ ಎಂದವನು ಒತ್ತಿದ ಕ್ಷಣಕ್ಕೇ ಸಿಕ್ಕಿಬಿದ್ದಿರುತ್ತಾನೆ. ಇನ್ನು ಮುಂದೆ ಕಳಿಸಬೇಡಿ ಎಂದು ‘ಅನ್‌ಸಬ್‌ಸ್ಕ್ರೈಬ್’ ಒತ್ತಿದರೂ, ಕಳಿಸಿದವನು ಕಳ್ಳನಾಗಿದ್ದರೆ, ಈ ವಿಳಾಸದಲ್ಲಿ ಓದುವವರು ಇದ್ದಾರೆ ಎಂಬ ಸುದ್ದಿಯನ್ನು ನಾವೇ ಮುಟ್ಟಿಸಿದಂತೆ. ಮೇಷ್ಟ್ರು ಮಾರನೆಯ ದಿನ ಬ್ಯಾಂಕಿಗೆ ಹೋಗಿ ತಮ್ಮ ಮುಖ ತೋರಿಸಿ ಬಂದರು. ಅಂದಿನಿಂದ ಇಮೇಲ್ ಮುಟ್ಟುವುದಿಲ್ಲ. ಹುಬ್ಬಳ್ಳಿಯಲ್ಲಿರುವ ಮಗಳು ಅವರ ಪಾಸ್‌ವರ್ಡ್ ಇಟ್ಟುಕೊಂಡು ಅಲ್ಲಿಂದಲೇ ನೋಡಿ ಫೋನ್ ಮಾಡಿ ಹೇಳುತ್ತಾಳೆ. ನಲವತ್ತು ವರ್ಷ ಮಕ್ಕಳಿಗೆ ಓದು ಕಲಿಸಿದವರು ತಮಗೆ ಬಂದ ಕಾಗದವನ್ನು ತಾವೇ ಓದಲು ಹೆದರುತ್ತಾರೆ.

ಎಂಜಿನಿಯರುಗಳು ಸುಮ್ಮನೆ ಕೂತಿಲ್ಲ. ಇಂಥ ಮೇಲ್ ಇಂಥ ಸರ್ವರಿನಿಂದಲೇ ಹೊರಟಿತೇ, ದಾರಿಯಲ್ಲಿ ಯಾರಾದರೂ ತಿದ್ದಿದರೇ ಎಂದು ತಪಾಸಣೆ ಮಾಡುವ ಎಸ್‌ಪಿಎಫ್, ಡಿಕಿಮ್ ಮುಂತಾದ ಏರ್ಪಾಡುಗಳಿವೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ, ಸಗಟಾಗಿ ಮೇಲ್ ಕಳಿಸುವವರಿಗೆ ಇವನ್ನು ಕಡ್ಡಾಯ ಮಾಡಿದವು. ದಿನಕ್ಕೆ 5,000ಕ್ಕೂ ಹೆಚ್ಚು ಕಳಿಸುವವರನ್ನು ಜಿಮೇಲ್ ಈ ಲೆಕ್ಕಕ್ಕೆ ಸೇರಿಸುತ್ತದೆ. ಒಳ್ಳೆಯ ಕೆಲಸವೇ. ಆದರೆ ಮೀಮಾಂಸಕರು ಹಿಂದೆಯೇ ಎತ್ತಿದ ಆಕ್ಷೇಪ ಇಲ್ಲಿಯೂ ನಿಲ್ಲುತ್ತದೆ: ಒಂದು ಜ್ಞಾನಕ್ಕೆ ಇನ್ನೊಂದರ ಜಾಮೀನು ಬೇಕಾದರೆ, ಆ ಇನ್ನೊಂದಕ್ಕೆ ಯಾರ ಜಾಮೀನು? ಕೊನೆಯಿಲ್ಲದ ಈ ಸರಪಳಿಗೆ ಅನವಸ್ಥೆ ಎಂದು ಹೆಸರು. ಸಹಿ ಸರಿಯಾಗಿದೆ ಎಂದರೆ ಇಂಥ ವಿಳಾಸದವನೇ ಕಳಿಸಿದ್ದಾನೆ ಎಂದಷ್ಟೇ ತಿಳಿಯಿತು. ಅವನು ನಿಜ ಹೇಳುತ್ತಿದ್ದಾನೆ ಎಂದು ತಿಳಿಯಲಿಲ್ಲ. ಸಹಿ ಹಾಕಿ ಸುಳ್ಳು ಹೇಳುವವರು ಲೋಕದಲ್ಲಿ ಕಡಿಮೆಯೇನಿಲ್ಲ.

ಇನ್ನೊಂದು ಉಪಾಯ ಬಂದದ್ದು ಒಬ್ಬ ಪಾದ್ರಿಯಿಂದ ಎಂದರೆ ಆಶ್ಚರ್ಯವಾಗಬಹುದು. ಥಾಮಸ್ ಬೇಯ್ಸ್ ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್ ಊರಿನ ಪ್ರೆಸ್ಬಿಟೇರಿಯನ್ ಪಾದ್ರಿ, 1761ರಲ್ಲಿ ತೀರಿಕೊಂಡ. ಕಂಡ ಪರಿಣಾಮದಿಂದ ಕಾಣದ ಕಾರಣವನ್ನು ಎಷ್ಟರ ಮಟ್ಟಿಗೆ ಊಹಿಸಬಹುದು ಎಂಬ ಅವನ ಬರಹವನ್ನು ಗೆಳೆಯ ರಿಚರ್ಡ್ ಪ್ರೈಸ್, ಅವನೂ ಪಾದ್ರಿಯೇ, 1763ರಲ್ಲಿ ಪ್ರಕಟಿಸಿದ. ಈ ಲೆಕ್ಕ ಸೃಷ್ಟಿಯ ವ್ಯವಸ್ಥೆಯಿಂದ ದೇವರ ಅಸ್ತಿತ್ವವನ್ನು ಊಹಿಸುವ ವಾದಕ್ಕೆ ಬಲ ಕೊಡುತ್ತದೆ ಎಂಬುದು ಪ್ರೈಸನ ಆಸೆ. ದೇವರ ವಿಷಯ ಅಲ್ಲಿಗೇ ನಿಂತಿತು. 2002ರಲ್ಲಿ ಪಾಲ್ ಗ್ರಹಾಂ ಎಂಬ ಪ್ರೋಗ್ರಾಮರ್ ಅದೇ ಲೆಕ್ಕದಿಂದ ಸ್ಪ್ಯಾಮ್ ಸೋಸಬಹುದೆಂದು ತೋರಿಸುವ ಲೇಖನ ಬರೆದರು. ನೀವು ಇಟ್ಟುಕೊಂಡ ಮೇಲ್‌ಗಳಲ್ಲಿ ಯಾವ ಪದ ಎಷ್ಟು ಸಲ ಬಂದಿದೆ, ಕಸಕ್ಕೆ ಹಾಕಿದವುಗಳಲ್ಲಿ ಎಷ್ಟು ಸಲ ಬಂದಿದೆ ಎಂದು ಎಣಿಸಿ, ಹೊಸ ಮೇಲ್ ಕಸವಾಗಿರುವ ಸಂಭವ ಎಷ್ಟೆಂದು ಯಂತ್ರ ಹೇಳುತ್ತದೆ. ಸರಿ ತಪ್ಪು ಎಂಬ ತೀರ್ಮಾನದ ಬದಲು ಸಂಭವದ ಒಂದು ಅಂಕೆ. ನಮ್ಮ ನಾಲ್ಕು ಪಕ್ಷದಲ್ಲಿ ಯಾವುದರಲ್ಲೂ ಇದು ಪೂರ್ತಿ ಕೂರುವುದಿಲ್ಲ.

ಆ ಲೇಖನದ ಎರಡು ಸಣ್ಣ ವಿವರಗಳ ಮೇಲೆ ನನಗೆ ಬಹಳ ಗೌರವ. ಒಂದು: ಒಳ್ಳೆಯ ಮೇಲ್‌ನಲ್ಲಿ ಪದ ಬಂದ ಎಣಿಕೆಯನ್ನು ಗ್ರಹಾಂ ಬೇಕೆಂದೇ ದುಪ್ಪಟ್ಟು ಮಾಡಿದರು, ಒಳ್ಳೆಯದು ಕಸಕ್ಕೆ ಹೋಗುವುದು ಕಸ ಒಳಗೆ ಬರುವುದಕ್ಕಿಂತ ಕೆಟ್ಟದ್ದು ಎಂಬ ಕಾರಣಕ್ಕೆ. ಇನ್ನೊಂದು: ಯಂತ್ರ ಹಿಂದೆಂದೂ ಕಾಣದ ಪದಕ್ಕೆ 0.4 ಎಂಬ ಅಂಕೆ ಕೊಟ್ಟರು. 0.5 ಎಂದರೆ ಎರಡೂ ಕಡೆ ಸಮ, 0.4 ಎಂದರೆ ಹೆಚ್ಚಾಗಿ ನಿರಪರಾಧಿ. ಹಲವು ಸಲ ಮಾಡಿ ನೋಡಿ, ಗುರುತಿಲ್ಲದ ಪದದ ಮೇಲೆ ಇಷ್ಟು ವಿಶ್ವಾಸ ಇಟ್ಟರೇ ಲೆಕ್ಕ ಚೆನ್ನಾಗಿ ಬರುತ್ತದೆ ಎಂದು ಅವರು ಕಂಡುಕೊಂಡರು. ಮೀಮಾಂಸಕರಾದ ಕುಮಾರಿಲಭಟ್ಟರು ಯಾವುದನ್ನು ತರ್ಕದಿಂದ ಸಾಧಿಸಿದರೋ ಅದರ ಒಂದು ಎಳೆ ಅಮೆರಿಕದಲ್ಲಿ ಪ್ರಯೋಗದಿಂದ ಕಂಡುಬಂತು. ಕಸದ ನಡುವೆ ಕೂತು ಕಸ ಸೋಸುವ ಯಂತ್ರಕ್ಕೂ ಅಪರಿಚಿತನ ಮೇಲೆ ಅಷ್ಟಾದರೂ ಭರವಸೆ ಬೇಕಾಯಿತು. ನಮ್ಮಲ್ಲಿ ಈಗ ಅಷ್ಟೂ ಉಳಿದಿಲ್ಲ.

ಉಳಿಯದಿದ್ದರೆ ಏನು ಹೋಯಿತು ಎನ್ನಬಹುದು. ಗೊತ್ತಿದ್ದವರ ಮೇಲ್ ಮಾತ್ರ ಓದಿ, ಉಳಿದದ್ದನ್ನು ಬಿಡಿ, ಕಥೆ ಮುಗಿಯಿತು. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಇದನ್ನು ಒಪ್ಪುತ್ತಿರಲಿಲ್ಲ. ಯಾರ ಮಾತು ಪ್ರಮಾಣವೋ ಅವನು ಆಪ್ತ. ಆಪ್ತ ಎಂದರೆ ಸಂಗತಿಯನ್ನು ತಾನು ಕಂಡು ಬಲ್ಲವನು, ಕಂಡಂತೆಯೇ ಹೇಳಬೇಕೆಂಬ ಇಚ್ಛೆ ಉಳ್ಳವನು. ಈ ಲಕ್ಷಣ ಋಷಿಗೂ, ಆರ್ಯನಿಗೂ, ಮ್ಲೇಚ್ಛನಿಗೂ ಸಮಾನ ಎಂದು ಭಾಷ್ಯಕಾರ ಸ್ಪಷ್ಟವಾಗಿ ಹೇಳುತ್ತಾನೆ. ನಮ್ಮವನು, ಪರಿಚಯದವನು, ಕಾಂಟ್ಯಾಕ್ಟ್ ಪಟ್ಟಿಯಲ್ಲಿ ಇರುವವನು ಎಂಬುದು ಲಕ್ಷಣದಲ್ಲೇ ಇಲ್ಲ. ನೈಯಾಯಿಕರು ಅನುಮಾನಕ್ಕೆ ಹೆಸರಾದವರು. ಅವರೂ ಅಪರಿಚಿತನಿಗೆ ಬಾಗಿಲು ಹಾಕಲಿಲ್ಲ.

ಮೈಸೂರಿನಲ್ಲಿ ಇದ್ದುಕೊಂಡು ಇದನ್ನು ಮರೆಯಬಾರದು. 1905ರಲ್ಲಿ ತಂಜಾವೂರು ಜಿಲ್ಲೆಯ ಒಬ್ಬ ಪಂಡಿತ ಇಲ್ಲಿನ ಓರಿಯೆಂಟಲ್ ಲೈಬ್ರರಿಗೆ ಒಂದು ತಾಳೆಗರಿಯ ಕಟ್ಟು ತಂದು ಕೊಟ್ಟ. ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ. ಕಳೆದೇಹೋಯಿತು ಎಂದು ವಿದ್ವಾಂಸರು ಕೈಬಿಟ್ಟಿದ್ದ ಗ್ರಂಥ. 1909ರಲ್ಲಿ ಅದು ಅಚ್ಚಾಯಿತು. ತಂದು ಕೊಟ್ಟವನನ್ನು ಇವತ್ತಿಗೂ ತಂಜಾವೂರಿನ ಪಂಡಿತ ಎಂದೇ ಹೇಳುತ್ತೇವೆ, ಹೆಸರು ಹೇಳುವುದಿಲ್ಲ. ಬಂದವನು ಯಾರು, ಮೊದಲೇ ಪರಿಚಯ ಉಂಟೇ ಎಂಬುದರ ಮೇಲೆ ಆ ಕಟ್ಟನ್ನು ಅಳೆದಿದ್ದರೆ ಏನಾಗುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಭಾನುವಾರ ಬೆಳಗ್ಗೆ ನಾವು ಕೆಲವರು ಸೇರಿ ‘ತರ್ಕಸಂಗ್ರಹ’, ಜಯತೀರ್ಥರ ‘ಪ್ರಮಾಣಪದ್ಧತಿ’ ಮುಂತಾದ್ದನ್ನು ಓದುತ್ತೇವೆ. ಆ ಗುಂಪಿಗೊಂದು ಇಮೇಲ್ ವಿಳಾಸ ಇದೆ, ನೋಡಿಕೊಳ್ಳುವವಳು ನಾನು. ಅದರ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಒಮ್ಮೆ, ತೂಕ ಇಳಿಸುವ ಮಾತ್ರೆಗೂ ಬಂದೇ ಇಲ್ಲದ ಲಾಟರಿ ಬಹುಮಾನಕ್ಕೂ ನಡುವೆ, ‘ಅರ್ಜೆಂಟ್ ಹೆಲ್ಪ್’ ಎಂಬ ತಲೆಬರಹದ ಮೇಲ್ ಇತ್ತು. ಗುರುತಿಲ್ಲದ ಹೆಸರು, ಹೊಸ ವಿಳಾಸ, ನಾಲ್ಕು ಭಾರಿ ಫೋಟೋಗಳು. ಫಿಲ್ಟರಿಗೆ ಆಗದ ಗುಣಗಳೆಲ್ಲ ಒಂದೇ ಕಡೆ. ಒಳಗೆ ಕನ್ನಡದಲ್ಲಿ ಬರೆದಿತ್ತು: ಶಿರಸಿ ಕಡೆಯ ಹುಡುಗ, ಅಜ್ಜನ ಮನೆ ಕೀಳುತ್ತಿದ್ದಾರೆ, ಅಟ್ಟದ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟ ಓಲೆಗರಿಗಳು ಸಿಕ್ಕಿವೆ, ಲಿಪಿ ಯಾವುದೆಂದು ಮನೆಯಲ್ಲಿ ಯಾರಿಗೂ ತಿಳಿಯದು, ಬಿಸಾಕಿ ಅನ್ನುತ್ತಿದ್ದಾರೆ, ಏನು ಮಾಡಲಿ? ಫೋಟೋದಲ್ಲಿ ಕಂಡದ್ದು ನಂದಿನಾಗರಿ ಅಕ್ಷರ. ಬಿಸಾಕಬೇಡ, ಎಣ್ಣೆ ಹಚ್ಚಬೇಡ, ಒಣಗಿದ ಜಾಗದಲ್ಲಿ ಇಟ್ಟು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದವರನ್ನು ಕೇಳು ಎಂದು ಬರೆದೆ. ಕಟ್ಟಿನಲ್ಲಿ ಇದ್ದದ್ದು ಹೆಚ್ಚಾಗಿ ಸ್ತೋತ್ರ, ಪಂಚಾಂಗದ ಲೆಕ್ಕ. ಅರ್ಥಶಾಸ್ತ್ರವೇನೂ ಸಿಗಲಿಲ್ಲ. ಒಬ್ಬ ಹುಡುಗ ತನಗೆ ಗೊತ್ತಿಲ್ಲದ್ದನ್ನು ಗೊತ್ತಿರಬಹುದಾದವರನ್ನು ಕೇಳಿದ, ಉತ್ತರ ಸಿಕ್ಕಿತು. ವಿದ್ಯೆ ಎಂಬುದು ಮುಂದಕ್ಕೆ ಹೋಗುವುದೇ ಹೀಗೆ, ಪರಿಚಯವಿಲ್ಲದವರ ನಡುವೆ.

ಸ್ಪ್ಯಾಮ್ ಮೊದಲು ಕೊಲ್ಲುವುದು ಇಂಥ ಮೇಲನ್ನು. ಗೆಳೆಯರಿಗೆ ಫೋನ್ ಇದೆ. ಕಂಪನಿಗಳಿಗೆ ದುಡ್ಡು ಕೊಟ್ಟು ಇನ್‌ಬಾಕ್ಸಿಗೆ ನುಗ್ಗುವ ದಾರಿ ಗೊತ್ತಿದೆ. ಪರಿಚಯವೂ ದುಡ್ಡೂ ಇಲ್ಲದವನಿಗೆ ಇದ್ದದ್ದು ಕರೆಯದೆ ಬರೆಯುವ ಒಂದು ಸ್ವಾತಂತ್ರ್ಯ ಮಾತ್ರ.

ಹಾಗಾದರೆ ಕರೆಯದೆ ಬರುವುದೇ ತಪ್ಪಲ್ಲ. ತಪ್ಪು ಎಲ್ಲಿದೆ? ಇಲ್ಲಿ ಧರ್ಮದ ಸಂಸ್ಥೆಗಳ ಮಾತು ಬರಲೇಬೇಕು, ಏಕೆಂದರೆ ಧರ್ಮ, ದರ್ಶನ ಎನ್ನುವ ನಾವೇನೂ ಈ ವಿಷಯದಲ್ಲಿ ಶುದ್ಧರಲ್ಲ. ಚರ್ಚಾಗುಂಪುಗಳ ಜಾಲವಾದ ಯೂಸ್‌ನೆಟ್‌ನಲ್ಲಿ ಎಲ್ಲ ಗುಂಪುಗಳ ಮೇಲೂ ಒಂದೇ ಸಂದೇಶ ಸುರಿದ ಮೊದಲ ದೊಡ್ಡ ಪ್ರಕರಣಗಳಲ್ಲಿ ಒಂದು 1994ರ ಜನವರಿಯದು. ಸಂದೇಶ, ಯೇಸು ಶೀಘ್ರದಲ್ಲೇ ಬರುತ್ತಾನೆ ಎಂಬುದು. ಗ್ರೀನ್ ಕಾರ್ಡ್ ಲಾಟರಿಗೆ ಅರ್ಜಿ ತುಂಬಿಕೊಡುತ್ತೇವೆ ಎಂಬ ವಕೀಲ ದಂಪತಿಯ ಕುಖ್ಯಾತ ಜಾಹೀರಾತು ಬಂದದ್ದು ಅದರ ಮೂರು ತಿಂಗಳ ನಂತರ. ನಮ್ಮಲ್ಲಿ ಕಂಪ್ಯೂಟರ್ ಬರುವ ಮೊದಲೇ ತಿರುಪತಿ ತಿಮ್ಮಪ್ಪನ ಹೆಸರಲ್ಲಿ, ಸಂತೋಷಿಮಾತೆಯ ಹೆಸರಲ್ಲಿ ಪೋಸ್ಟ್ ಕಾರ್ಡುಗಳು ತಿರುಗುತ್ತಿದ್ದವು: ಇಷ್ಟು ಜನಕ್ಕೆ ಬರೆದರೆ ಒಳ್ಳೆಯದು, ಬರೆಯದಿದ್ದರೆ ಮನೆಯಲ್ಲಿ ಸಾವು. ಕಾರ್ಡಿಗೆ ಕಾಸು, ಬರೆಯಲು ಕೈನೋವು. ಆ ಕೈನೋವೇ ಅದಕ್ಕೊಂದು ಮಿತಿ. ಮೇಲ್‌ಗೆ ಆ ಮಿತಿ ಇಲ್ಲ. 1997ರಲ್ಲಿ ಆಡಮ್ ಬ್ಯಾಕ್ ಎಂಬವರು, ಪ್ರತಿ ಮೇಲ್ ಹೊರಡುವ ಮುನ್ನ ಕಳಿಸುವವನ ಕಂಪ್ಯೂಟರ್ ಒಂದು ಕಷ್ಟದ ಲೆಕ್ಕ ಬಿಡಿಸಿ ಬೆವರು ಸುರಿಸಬೇಕು ಎಂಬ ಉಪಾಯ ಸೂಚಿಸಿದರು. ಮೇಲ್‌ಲೋಕ ಅದನ್ನು ಹಿಡಿಯಲಿಲ್ಲ, ಬಿಟ್‌ಕಾಯಿನ್ ಹಿಡಿಯಿತು.

ನಮ್ಮ ಓದುಗರ ಗುಂಪಿನ ವಿಳಾಸಪಟ್ಟಿ ಯಾರ ಕೈಯಿಂದಲೋ ಒಂದು ಧಾರ್ಮಿಕ ಸಂಸ್ಥೆಗೆ ಹೋಗಿ, ಎಲ್ಲರಿಗೂ ಸೇವೆಯ ದರಪಟ್ಟಿ, ಕಾಣಿಕೆಯ ಖಾತೆ ಸಂಖ್ಯೆ ಬರತೊಡಗಿದವು. ಕೇಳಿದರೆ, ‘ಧರ್ಮದ ಮಾತು ತಾನೇ ಮೇಡಂ, ಬಂದರೆ ಏನಾಯಿತು?’ ಎಂದರು. ಏನಾಯಿತು ಎಂಬುದಕ್ಕೆ ಅವರದೇ ಗ್ರಂಥಗಳು ಉತ್ತರ ಕೊಡುತ್ತವೆ. ಕೇಳದೆ ಹೇಳಬೇಡ ಎಂದು ಮನುಸ್ಮೃತಿಯ ಎರಡನೆಯ ಅಧ್ಯಾಯ ಹೇಳುತ್ತದೆ. ಕೇಳುವ ಇಚ್ಛೆ ಇಲ್ಲದವನಿಗೆ ಇದನ್ನು ಹೇಳಬಾರದು ಎಂದು ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಕೃಷ್ಣನೇ ಹೇಳುತ್ತಾನೆ. ಪ್ರಶ್ನೋಪನಿಷತ್ತಿನ ಪಿಪ್ಪಲಾದ, ತಾವಾಗಿ ಬಂದ ಆರು ಜನರನ್ನೂ ಒಂದು ವರ್ಷ ಇಲ್ಲಿದ್ದು ಆಮೇಲೆ ಕೇಳಿ ಎನ್ನುತ್ತಾನೆ. ಇದೇ ನಿಯಮವನ್ನು ಕೇಳಬಯಸಿದವರ ಕಿವಿ ಮುಚ್ಚಲಿಕ್ಕೂ ಬಳಸಿದರು, ಹೆಂಗಸರನ್ನೂ ಶೂದ್ರರನ್ನೂ ಹೊರಗಿಟ್ಟರು. ಆ ಬಾಗಿಲನ್ನು ವಚನಕಾರರು ಒಡೆದದ್ದು ಸರಿಯಾಯಿತು. ಕೇಳಬಯಸಿದವರಿಗೆ ತೆರೆಯುವುದು ಬೇರೆ. ಕೇಳಬಯಸದವರ ತಲೆಯ ಮೇಲೆ ಸುರಿಯುವುದು ಬೇರೆ.

ಸಗಟು ಮೇಲಿನ ದೋಷ ಇಲ್ಲಿ ಹಿಡಿಗೆ ಸಿಗುತ್ತದೆ. ಶಿರಸಿಯ ಹುಡುಗ ಯಾರಿಗೆ ಬರೆಯುತ್ತಿದ್ದೇನೆ, ಏಕೆ ಎಂದು ಯೋಚಿಸಿ ಬರೆದ. ಸಗಟಾಗಿ ಕಳಿಸುವವನ ಮುಂದೆ ಕೇಳುವವನೇ ಇಲ್ಲ, ಪಟ್ಟಿ ಇದೆ. ಕೇಳುವವನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಆಡಿದ ಮಾತು, ಅದರೊಳಗೆ ಇರುವುದು ನಿಜವೇ ಆಗಿದ್ದರೂ, ದೇವರ ಹೆಸರೇ ಆಗಿದ್ದರೂ, ಆಪ್ತವಾಕ್ಯ ಆಗಲಾರದು.

ಕಾನೂನು ಈ ವಿಷಯದಲ್ಲಿ ಎರಡು ದಾರಿ ಹಿಡಿದಿದೆ. ಅಮೆರಿಕದ 2003ರ ಕಾಯ್ದೆಯಲ್ಲಿ, ಬೇಡ ಎನ್ನುವವರೆಗೂ ಕಳಿಸಬಹುದು. ಯುರೋಪಿನ 2002ರ ನಿರ್ದೇಶನದಲ್ಲಿ, ಮಾರಾಟದ ಮೇಲ್‌ಗೆ ಸಾಮಾನ್ಯವಾಗಿ ಮೊದಲೇ ಒಪ್ಪಿಗೆ ಬೇಕು. ನಮ್ಮಲ್ಲಿ ಕಿರಿಕಿರಿ ಕೊಡುವ ಮೇಲನ್ನೂ ಅಪರಾಧದೊಳಗೆ ಸೇರಿಸಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ರದ್ದು ಮಾಡಿತು. ಕಿರಿಕಿರಿ ಎಂಬ ಮಾತಿಗೆ ಎಲ್ಲೆ ಇಲ್ಲ, ಅದರಡಿ ಯಾರನ್ನು ಬೇಕಾದರೂ ಹಿಡಿಯಬಹುದಿತ್ತು, ರದ್ದಾದದ್ದು ಸರಿಯೇ. ಯುರೋಪಿನ ದಾರಿ ನನಗೆ ಒಪ್ಪಿಗೆ. ಸಗಟಾಗಿ ಹೇಳುವವನ ಮೇಲೆ ಸಾಬೀತಿನ ಭಾರ ಇದ್ದರೆ ಮಾತ್ರ ಕೇಳುವವನು ನಂಬಿಕೆಯಿಂದ ಶುರುಮಾಡಲು ಆಗುತ್ತದೆ. ಈಗ ಆಗಿರುವುದು ಉಲ್ಟಾ: ಹೇಳುವವನು ನಿಶ್ಚಿಂತ, ಕೇಳುವವನಿಗೆ ಪರೀಕ್ಷೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಇಂಥ ಮೋಸಗಳನ್ನು ಹಿಡಿಯುವ ಕೆಲಸದಲ್ಲೇ ಇದ್ದಾನೆ. ಇದನ್ನೆಲ್ಲ ಅವನ ಮುಂದೆ ಹೇಳಿದಾಗ ನಕ್ಕ. ‘ಮೇಡಂ, ನಿಮ್ಮ ಕುಮಾರಿಲಭಟ್ಟರಿಗೆ ಬ್ಯಾಂಕ್ ಅಕೌಂಟ್ ಇರಲಿಲ್ಲ. ನೀವು ಹೀಗೆ ಬರೆದರೆ ಜನ ದುಡ್ಡು ಕಳಕೊಳ್ತಾರೆ.’ ಅವನ ಮಾತನ್ನು ತಳ್ಳಿಹಾಕುವಂತಿಲ್ಲ. ಮೈಕ್ರೋಸಾಫ್ಟಿನ ಸಂಶೋಧಕ ಕಾರ್ಮಾಕ್ ಹರ್ಲಿ 2012ರಲ್ಲಿ ತೋರಿಸಿದಂತೆ, ಮೋಸದ ಮೇಲ್‌ಗಳಲ್ಲಿ ಬರುವ ನೈಜೀರಿಯಾದ ಕೋಟ್ಯಧಿಪತಿಯ ಕಥೆ ಅಷ್ಟು ಅಸಂಬದ್ಧವಾಗಿ ಇರುವುದು ಲೆಕ್ಕಾಚಾರದಿಂದಲೇ: ಅನುಮಾನ ಪಡುವವರು ಮೊದಲಿಗೇ ಬಿಟ್ಟುಹೋಗಲಿ, ಉಳಿದವರು ಮಾತ್ರ ಉತ್ತರ ಬರೆಯಲಿ ಎಂದು. ನಂಬುವ ಗುಣವನ್ನೇ ಸೋಸಿ ತೆಗೆಯುವ ಯಂತ್ರ ಅದು.

ಆದರೆ ನಂಬಿ ಓದುವುದಕ್ಕೂ ನಂಬಿ ಕೈಹಾಕುವುದಕ್ಕೂ ನಡುವೆ ಅಂತರ ಇದೆ, ನಮ್ಮ ಶಾಸ್ತ್ರಕಾರರು ಅದನ್ನು ಬಲ್ಲರು. ಮೀಮಾಂಸಕರು ಮಾತಾಡುವುದು ಜ್ಞಾನದ ಬಗ್ಗೆ. ನೈಯಾಯಿಕರಿಗೆ ಚಿಂತೆ ಪ್ರವೃತ್ತಿಯದು, ಅಳುಕಿಲ್ಲದೆ ಹೆಜ್ಜೆ ಇಡಲು ನಿಶ್ಚಯ ಬೇಡವೇ ಎಂದು. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವರ ಪರಂಪರೆ ಇವೆರಡನ್ನೂ ಚೆನ್ನಾಗಿ ಹೊಂದಿಸಿತು: ಪ್ರಾಮಾಣ್ಯವನ್ನು, ಅಂದರೆ ತಿಳಿವಳಿಕೆ ಸರಿ ಎಂಬುದನ್ನು, ಹಿಡಿಯುವುದು ಒಳಗಿನ ಸಾಕ್ಷಿಯೇ, ಪರೀಕ್ಷೆಯ ಕೆಲಸ, ನಡುವೆ ಎದ್ದ ಸಂಶಯವನ್ನು ತೆಗೆಯುವುದಷ್ಟೆ. ಸಂಶಯಕ್ಕೆ ಕಾರಣ ಇದ್ದಾಗ ಪರೀಕ್ಷೆ. ಕಾರಣವಿಲ್ಲದೆ ಎಲ್ಲದರ ಮೇಲೂ ಸಂಶಯವಾದರೆ ಅದು ಎಚ್ಚರವಲ್ಲ, ರೋಗ. ಸಂಶಯಕ್ಕೂ ಒಂದು ಮೇರೆ ಇದೆ, ನಾವೇ ನಡೆದುಕೊಳ್ಳುವ ರೀತಿಗೆ ಅದು ವಿರುದ್ಧವಾದಾಗ ಅದು ನಿಲ್ಲಬೇಕು ಎಂದು ನೈಯಾಯಿಕ ಉದಯನನೂ ಹೇಳಿದ್ದಾನೆ.

ಹಾಗಾಗಿ ಹಳೆಯ ವಿದ್ಯಾರ್ಥಿಗೆ ಹೇಳಿದ್ದನ್ನೇ ಓದುಗರಿಗೂ ಹೇಳುತ್ತೇನೆ. ಓದುವಾಗ ಮೀಮಾಂಸಕರಾಗಿ, ಒತ್ತುವಾಗ ನೈಯಾಯಿಕರಾಗಿ. ಹಣ, ಪಾಸ್‌ವರ್ಡ್, ಒಟಿಪಿ, ‘24 ಗಂಟೆಯೊಳಗೆ’ ಎಂಬ ಮಾತು ಕಂಡರೆ ಸಂಶಯಕ್ಕೆ ಕಾರಣ ಸಿಕ್ಕಿತು. ಮೇಲ್‌ನೊಳಗಿನ ಲಿಂಕ್ ಮುಟ್ಟಬೇಡಿ, ಬ್ಯಾಂಕಿಗೆ ನೀವೇ ಹೋಗಿ, ಇಲ್ಲವೇ ಪಾಸ್‌ಬುಕ್ಕಿನಲ್ಲಿರುವ ನಂಬರಿಗೆ ಫೋನ್ ಮಾಡಿ. ಅಂಥದ್ದೇನೂ ಕೇಳದೆ ಯಾರೋ ಏನೋ ಬರೆದಿದ್ದರೆ, ಗುರುತಿಲ್ಲ ಎಂಬ ಒಂದೇ ಕಾರಣಕ್ಕೆ ಅಳಿಸಬೇಡಿ. ಮಠ, ಟ್ರಸ್ಟು, ಸಂಘ ನಡೆಸುವವರು ಯಾರದೋ ಪಟ್ಟಿ ತಂದು ಕಳಿಸುವುದನ್ನು ಇವತ್ತೇ ನಿಲ್ಲಿಸಿ, ಬೇಕೇ ಎಂದು ಒಬ್ಬೊಬ್ಬರನ್ನಾಗಿ ಕೇಳಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಪಾಸ್‌ವರ್ಡ್ ಕಿತ್ತುಕೊಳ್ಳುವ ಬದಲು ಪಕ್ಕದಲ್ಲಿ ಕೂತು, ಹೆಸರಿನ ಹಿಂದಿನ ವಿಳಾಸ ನೋಡುವುದನ್ನು ಕಲಿಸಿ. ಮತ್ತೆ ವಾರಕ್ಕೊಮ್ಮೆ ಸ್ಪ್ಯಾಮ್ ಪೆಟ್ಟಿಗೆಯನ್ನು ತೆರೆದು ನೋಡಿ. ಜಿಮೇಲ್‌ನಲ್ಲಿ ಅದರೊಳಗೆ ಬಿದ್ದದ್ದು 30 ದಿನದ ಮೇಲೆ ತಾನಾಗಿಯೇ ಅಳಿಸಿಹೋಗುತ್ತದೆ.